ನೆಲದ ಕಾಗದ ಹಿಡಿದು ಸಮಾಧಿಯವರೆಗೆ

ಈ ಸಂಚಿಕೆಯ ಪ್ರಶ್ನೋತ್ತರವನ್ನು ಒಂದೇ ವಿಷಯಕ್ಕೆ, ಅಮೆರಿಕದಲ್ಲಿ ಹಿರಿಯರ ಹಳೆಯ ಹೊಲವನ್ನೂ ಸಮಾಧಿಯನ್ನೂ ಹುಡುಕುವ ಬಗೆಗೆ, ಮೀಸಲಿಟ್ಟಿದ್ದೇನೆ. ಧಾರವಾಡದ ಓದುಗರೊಬ್ಬರ ಪತ್ರವನ್ನು ಎರಡು ಸಂಚಿಕೆಗಳ ಹಿಂದೆ ಪ್ರಕಟಿಸಿ, ಉತ್ತರಕ್ಕೆ ಸ್ವಲ್ಪ ಕಾಲಾವಕಾಶ ಕೋರಿದ್ದೆ. ಅದನ್ನು ಓದಿದ ಇನ್ನೂ ಕೆಲವರು ಅದೇ ವಿಷಯವಾಗಿ ಬರೆದಿದ್ದಾರೆ. ಮೊದಲು ಧಾರವಾಡದ ಪತ್ರವನ್ನೂ ಅನಂತರ ಉಳಿದವನ್ನೂ ತೆಗೆದುಕೊಳ್ಳುತ್ತೇನೆ.

ಪ್ರಶ್ನೆ: ಮಾನ್ಯರೇ, ನಾನು ನಿವೃತ್ತ ಶಿಕ್ಷಕಿ. ನನ್ನ ಮಗಳು ಅಮೆರಿಕದ ಒಮಾಹಾದಲ್ಲಿ ಸಂಸಾರ ಹೂಡಿದ್ದಾಳೆ. ಅಳಿಯ ಅಲ್ಲಿಯವರೇ. ಅವರ ತಾತನ ಅಜ್ಜ 1880ರ ದಶಕದಲ್ಲಿ ನೆಬ್ರಾಸ್ಕ ರಾಜ್ಯದ ಕಸ್ಟರ್ ಕೌಂಟಿಗೆ (ನಮ್ಮ ಜಿಲ್ಲೆಯಂಥದು) ಬಂದು, ಸರ್ಕಾರದಿಂದ 160 ಎಕರೆ ಪಡೆದು, ಹುಲ್ಲುಹೆಂಟೆಗಳನ್ನು ಪೇರಿಸಿ ಮನೆ ಕಟ್ಟಿಕೊಂಡಿದ್ದರಂತೆ. ಅವರ ಹೆಣ್ಣುಕೂಸೊಂದು ಅಲ್ಲಿ ತೀರಿಕೊಂಡಾಗ ಹೊಲದಲ್ಲಿಯೇ ಮಣ್ಣು ಮಾಡಿದರೆಂದು ಹಿರಿಯರು ಹೇಳುತ್ತಿದ್ದರಂತೆ. ಇದಕ್ಕಿಂತ ಹೆಚ್ಚಿನದು ಯಾರಿಗೂ ಗೊತ್ತಿಲ್ಲ, ಮನೆಯಲ್ಲಿ ಒಂದು ಕಾಗದವೂ ಉಳಿದಿಲ್ಲ. ಹತ್ತು ವರ್ಷದ ಮೊಮ್ಮಗ ‘ಅಜ್ಜಿ, ಆ ಪಾಪುವನ್ನು ಹುಡುಕೋಣ’ ಎಂದು ಹಟ ಹಿಡಿದಿದ್ದಾನೆ. ಮೇ ತಿಂಗಳಲ್ಲಿ ನಾನು ಅಲ್ಲಿಗೆ ಹೋಗುವವಳಿದ್ದೇನೆ. ಎಲ್ಲಿಂದ ಆರಂಭಿಸಬೇಕು? ಇಲ್ಲಿಂದಲೇ ಮಾಡಬಹುದಾದ ಕೆಲಸ ಏನಾದರೂ ಇದೆಯೇ?

ಉತ್ತರ: ಅಮ್ಮ, ಸಮಾಧಿಯನ್ನು ಹುಡುಕಬೇಕೆಂದಿದ್ದರೂ ಸಮಾಧಿಯಿಂದ ಆರಂಭಿಸಬೇಡಿ, ನೆಲದಿಂದ ಆರಂಭಿಸಿ. ನೆಬ್ರಾಸ್ಕದಲ್ಲಿ ರಾಜ್ಯಮಟ್ಟದ ಜನನ ಮರಣ ನೋಂದಣಿ ಶುರುವಾದದ್ದೇ 1904ರಲ್ಲಿ. ಅದಕ್ಕೂ ಇಪ್ಪತ್ತು ವರ್ಷ ಮೊದಲು ಹೊಲದ ಮೂಲೆಯಲ್ಲಿ ಮಣ್ಣಾದ ಕೂಸಿಗೆ ಮರಣಪತ್ರ ಸಿಗುವ ಸಂಭವ ಇಲ್ಲವೆನ್ನುವಷ್ಟು ಕಡಿಮೆ. ಆದರೆ ಅದೇ ಕೂಸಿನ ತಂದೆ ನೆಲ ಪಡೆಯಲು ಹಾಕಿದ ಪ್ರತಿಯೊಂದು ಹೆಜ್ಜೆಯೂ ಸರ್ಕಾರಿ ಕಡತದಲ್ಲಿ ದಾಖಲಾಗಿದೆ, ಮತ್ತು ಆ ಕಡತಗಳು ಇಂದಿಗೂ ಉಳಿದಿವೆ.

ಅಬ್ರಹಾಂ ಲಿಂಕನ್ 1862ರ ಮೇ 20ರಂದು ಸಹಿ ಹಾಕಿದ ಹೋಮ್‌ಸ್ಟೆಡ್ ಕಾಯಿದೆ 1863ರ ಜನವರಿ 1ರಿಂದ ಜಾರಿಗೆ ಬಂತು. ಇಪ್ಪತ್ತೊಂದು ವರ್ಷ ತುಂಬಿದವರು ಅಥವಾ ಕುಟುಂಬದ ಯಜಮಾನರಾದವರು, ಅಮೆರಿಕದ ಪ್ರಜೆಯಾಗಿದ್ದರೆ ಅಥವಾ ಪ್ರಜೆಯಾಗುವ ಉದ್ದೇಶವನ್ನು ನ್ಯಾಯಾಲಯದಲ್ಲಿ ಘೋಷಿಸಿದ್ದರೆ, 160 ಎಕರೆಗೆ ಅರ್ಜಿ ಹಾಕಬಹುದಿತ್ತು. ಐದು ವರ್ಷ ಆ ನೆಲದ ಮೇಲೆ ವಾಸವಿದ್ದು, ಮನೆ ಕಟ್ಟಿ, ಸಾಗುವಳಿ ಮಾಡಿ ತೋರಿಸಿದರೆ, ಎಲ್ಲ ಸೇರಿ ಸುಮಾರು 18 ಡಾಲರ್ ಶುಲ್ಕಕ್ಕೆ ನೆಲ ಅವರದಾಗುತ್ತಿತ್ತು. ಅವಿವಾಹಿತ ಹೆಂಗಸರಿಗೂ ವಿಧವೆಯರಿಗೂ ಈ ಹಕ್ಕು ಇತ್ತು ಎಂಬುದನ್ನು ಮರೆಯಬೇಡಿ. ಆ ಮನೆತನದ ಸೋದರತ್ತೆಯೊಬ್ಬರ ಹೆಸರಿನಲ್ಲಿಯೂ ಪಕ್ಕದ ಭೂಮಿ ಇದ್ದಿರಬಹುದು. ಕೊನೆಗೆ ಸಿಗುತ್ತಿದ್ದ ಹಕ್ಕುಪತ್ರವನ್ನು ಅಲ್ಲಿ ‘ಪೇಟೆಂಟ್’ ಎನ್ನುತ್ತಾರೆ. ದೇಶದಾದ್ಯಂತ ಹೋಮ್‌ಸ್ಟೆಡ್ ಕಾಯಿದೆಯಡಿ ಕೊಟ್ಟ ಇಂಥ ಹಕ್ಕುಪತ್ರಗಳು ಸುಮಾರು 16 ಲಕ್ಷ.

ಧಾರವಾಡದಲ್ಲಿ ಕುಳಿತೇ ನೀವು ಮಾಡಬಹುದಾದ ಮೊದಲ ಕೆಲಸ ಇದೇ. ಅಮೆರಿಕದ ಬ್ಯೂರೋ ಆಫ್ ಲ್ಯಾಂಡ್ ಮ್ಯಾನೇಜ್‌ಮೆಂಟ್ ಎಂಬ ಇಲಾಖೆಯು ಹಿಂದಿನ ಜನರಲ್ ಲ್ಯಾಂಡ್ ಆಫೀಸಿನ ಹಕ್ಕುಪತ್ರಗಳನ್ನು ಅಂತರಜಾಲದಲ್ಲಿ ಉಚಿತವಾಗಿ ಇಟ್ಟಿದೆ. ರಾಜ್ಯ, ಕೌಂಟಿ, ಮನೆತನದ ಹೆಸರು ಕೊಟ್ಟು ಹುಡುಕಿದರೆ ಹಕ್ಕುಪತ್ರದ ಚಿತ್ರವೇ ಕಣ್ಣೆದುರು ಬರುತ್ತದೆ. ಅದರಿಂದ ನಾಲ್ಕು ಸಂಗತಿಗಳನ್ನು ನೋಟ್‌ಬುಕ್ಕಿನಲ್ಲಿ ಬರೆದಿಟ್ಟುಕೊಳ್ಳಿ: ಅರ್ಜಿ ಹೋದ ಭೂಕಚೇರಿ ಯಾವುದು (ಕಸ್ಟರ್ ಕೌಂಟಿಯವರು ಗ್ರ್ಯಾಂಡ್ ಐಲೆಂಡ್, ನಾರ್ತ್ ಪ್ಲಾಟ್, ಮುಂದೆ ಬ್ರೋಕನ್ ಬೋ ಕಚೇರಿಗಳಿಗೆ ಹೋಗುತ್ತಿದ್ದರು), ಅಂತಿಮ ಪ್ರಮಾಣಪತ್ರದ ಸಂಖ್ಯೆ ಎಷ್ಟು, ದಿನಾಂಕ ಯಾವುದು, ಮತ್ತು ನೆಲದ ವಿವರ ಏನು. ನೆಲದ ವಿವರ ಅಂಕಿಗಳಲ್ಲಿ ಇರುತ್ತದೆ. ಅದನ್ನು ಓದುವ ಬಗೆಯನ್ನು ಮುಂದೆ ಮೈಸೂರಿನವರ ಪ್ರಶ್ನೆಗೆ ಉತ್ತರಿಸುವಾಗ ವಿವರಿಸಿದ್ದೇನೆ.

ಹಕ್ಕುಪತ್ರ ಒಂದೇ ಹಾಳೆ. ನಿಜವಾದ ನಿಧಿ ಇರುವುದು ಅದರ ಹಿಂದಿನ ಕಡತದಲ್ಲಿ. ಐದು ವರ್ಷ ಮುಗಿದಾಗ ಅರ್ಜಿದಾರ ಇಬ್ಬರು ನೆರೆಯವರನ್ನು ಸಾಕ್ಷಿಗಳಾಗಿ ಕರೆದುಕೊಂಡು ಹೋಗಿ ಪ್ರಮಾಣ ಮಾಡಬೇಕಿತ್ತು. ನಮ್ಮಲ್ಲಿ ಸ್ಥಳ ಮಹಜರಿನಲ್ಲಿ ಬರೆಯುವಂತೆ ಅಲ್ಲಿ ಎಲ್ಲವನ್ನೂ ಬರೆದುಕೊಳ್ಳುತ್ತಿದ್ದರು: ಮನೆ ಎಷ್ಟು ಅಡಿ ಉದ್ದ ಎಷ್ಟು ಅಡಿ ಅಗಲ, ಗೋಡೆ ಯಾವುದರದು, ಕಿಟಕಿ ಬಾಗಿಲುಗಳೆಷ್ಟು, ಬಾವಿ ಎಷ್ಟು ಆಳ, ಎಷ್ಟು ಎಕರೆ ಉಳುಮೆಯಾಗಿದೆ, ಯಾವ ಬೆಳೆ, ಕುಟುಂಬದಲ್ಲಿ ಯಾರು ಯಾರು, ನಡುವೆ ಎಷ್ಟು ದಿನ ಊರು ಬಿಟ್ಟು ಹೋಗಿದ್ದರು ಮತ್ತು ಏಕೆ. ಬೇರೆ ದೇಶದಿಂದ ಬಂದವರಾದರೆ ಪೌರತ್ವದ ಕಾಗದದ ಪ್ರತಿಯೂ ಅದರಲ್ಲಿ ಸೇರಿರುತ್ತದೆ. ಮೂಲ ಕಡತಗಳು ವಾಷಿಂಗ್ಟನ್ನಿನ ರಾಷ್ಟ್ರೀಯ ದಫ್ತರಖಾನೆಯಲ್ಲಿವೆ. ನೆಬ್ರಾಸ್ಕದ ಮಟ್ಟಿಗೆ ನಮ್ಮ ಭಾಗ್ಯವೆಂದರೆ ಅವು ಸ್ಕ್ಯಾನ್ ಆಗಿವೆ. ಲಿಂಕನ್ ನಗರದಿಂದ ದಕ್ಷಿಣಕ್ಕೆ ಸುಮಾರು 40 ಮೈಲಿಯಲ್ಲಿ, ಬಿಯಾಟ್ರಿಸ್ ಎಂಬ ಊರಿನ ಬಳಿ ಹೋಮ್‌ಸ್ಟೆಡ್ ರಾಷ್ಟ್ರೀಯ ಐತಿಹಾಸಿಕ ಉದ್ಯಾನವಿದೆ. ಕಾಯಿದೆ ಜಾರಿಯಾದ ಮೊದಲ ದಿನವೇ ಅರ್ಜಿ ಹಾಕಿದ ಡೇನಿಯಲ್ ಫ್ರೀಮನ್ ಅವರ ನೆಲವೇ ಅದು. ಅಲ್ಲಿನ ಗಣಕಯಂತ್ರಗಳಲ್ಲಿ ಈ ಕಡತಗಳನ್ನು ಉಚಿತವಾಗಿ ನೋಡಬಹುದು. ಮೊಮ್ಮಗನನ್ನು ಅಲ್ಲಿಗೆ ಕರೆದೊಯ್ದು, ತನ್ನ ಹಿರೀಕನ ಕೈಬರಹದ ಸಹಿಯನ್ನು ಅವನೇ ಮೊದಲು ನೋಡುವಂತೆ ಮಾಡಿ.

ಇನ್ನು ಕೂಸಿನ ವಿಷಯ. ಕಡತದಲ್ಲಿ ‘ಹೆಂಡತಿ ಮತ್ತು ಮೂವರು ಮಕ್ಕಳು’ ಎಂಬಂತೆ ಒಂದು ಸಾಲು ಇರುತ್ತದೆ. ಅದನ್ನು ಜನಗಣತಿಯ ಎದುರು ಇಟ್ಟು ನೋಡಬೇಕು. 1890ರ ಗಣತಿಯ ಹಾಳೆಗಳು 1921ರ ಬೆಂಕಿಯ ಕಾರಣದಿಂದ ಬಹುತೇಕ ನಾಶವಾದವು. ಆ ಕೊರತೆಯನ್ನು ನೆಬ್ರಾಸ್ಕದಲ್ಲಿ 1885ರಲ್ಲಿ ನಡೆದ ವಿಶೇಷ ಗಣತಿ ಅರ್ಧದಷ್ಟು ತುಂಬುತ್ತದೆ. ಅದರ ಜತೆಗೆ ಹಿಂದಿನ ಹನ್ನೆರಡು ತಿಂಗಳಲ್ಲಿ ತೀರಿಕೊಂಡವರ ಪ್ರತ್ಯೇಕ ಪಟ್ಟಿಯೂ ಇದೆ: ಹೆಸರು, ವಯಸ್ಸು, ತಿಂಗಳು, ಕಾರಣ. ನೀವು ಹುಡುಕುತ್ತಿರುವ ಕೂಸು 1884ರ ಜೂನ್ ಮತ್ತು 1885ರ ಮೇ ನಡುವೆ ತೀರಿಕೊಂಡಿದ್ದರೆ ಅಲ್ಲಿ ಹೆಸರು ಸಿಗಬಹುದು. ಅದಾಗದಿದ್ದರೆ 1900ರ ಗಣತಿಯನ್ನು ತೆರೆಯಿರಿ. ಆ ವರ್ಷ ಪ್ರತಿಯೊಬ್ಬ ತಾಯಿಯನ್ನೂ ‘ಹೆತ್ತ ಮಕ್ಕಳೆಷ್ಟು, ಬದುಕಿರುವವರೆಷ್ಟು’ ಎಂದು ಕೇಳಿ ಎರಡು ಅಂಕಿ ಬರೆದಿದ್ದಾರೆ. ಏಳು ಹೆತ್ತು ಐದು ಉಳಿದಿದ್ದರೆ, ಮನೆಯವರು ಒಂದೇ ಮಗುವಿನ ಕಥೆ ಹೇಳುತ್ತಿದ್ದರೂ ಹುಡುಕಬೇಕಾದದ್ದು ಇಬ್ಬರನ್ನು. ನಾನು ಲಿಂಕನ್ನಿನಲ್ಲಿದ್ದ ವರ್ಷಗಳಲ್ಲಿ ಇಂಥ ಹುಡುಕಾಟಗಳಿಗೆ ಹಲವು ಸಲ ಜತೆಯಾಗಿದ್ದೇನೆ. ಆ ಎರಡು ಅಂಕಿಗಳ ನಡುವಿನ ವ್ಯತ್ಯಾಸವನ್ನು ನೋಡಿದಾಗಲೆಲ್ಲ ಕೆಲಸ ಸ್ವಲ್ಪ ಹೊತ್ತು ನಿಂತುಬಿಡುತ್ತಿತ್ತು.

‘ಹೊಲದಲ್ಲೇ ಮಣ್ಣು ಮಾಡಿದರು’ ಎಂಬ ಮಾತನ್ನು ನಂಬಿ, ಆದರೆ ಅದನ್ನೇ ಕೊನೆಯ ಮಾತೆಂದು ತಿಳಿಯಬೇಡಿ. ಮೊದಲ ವರ್ಷಗಳಲ್ಲಿ ಚರ್ಚಾಗಲಿ ಸ್ಮಶಾನವಾಗಲಿ ಇರಲಿಲ್ಲವಾದ್ದರಿಂದ ಹೊಲದ ದಿಣ್ಣೆಯ ಮೇಲೆ ಮಣ್ಣು ಮಾಡುತ್ತಿದ್ದರು. ಕೆಲವು ವರ್ಷಗಳ ಮೇಲೆ ಊರವರು ಒಂದೆರಡು ಎಕರೆ ಬಿಟ್ಟುಕೊಟ್ಟು ಸ್ಮಶಾನ ಮಾಡಿದಾಗ, ಹಲವರು ತಮ್ಮ ಮಕ್ಕಳ ಅವಶೇಷವನ್ನು ತೆಗೆದು ಅಲ್ಲಿಗೆ ಒಯ್ದರು. ಆದ್ದರಿಂದ ಹಕ್ಕುಪತ್ರದ ನೆಲದಿಂದ ಐದಾರು ಮೈಲಿಯೊಳಗಿನ ಪ್ರತಿಯೊಂದು ಹಳೆಯ ಸ್ಮಶಾನದ ಪಟ್ಟಿ ಮಾಡಿಕೊಳ್ಳಿ. ಫೈಂಡ್ ಎ ಗ್ರೇವ್, ಬಿಲಿಯನ್‌ಗ್ರೇವ್ಸ್ ಎಂಬ ತಾಣಗಳಲ್ಲಿ ಸ್ವಯಂಸೇವಕರು ಸಮಾಧಿಗಳ ಚಿತ್ರ ಹಾಕುತ್ತಾರೆ, ಕೇಳಿಕೊಂಡರೆ ಹತ್ತಿರದಲ್ಲಿರುವವರು ಹೋಗಿ ಚಿತ್ರ ತೆಗೆದುಕೊಡುವುದೂ ಉಂಟು. ಕಲ್ಲಿನ ಚಿತ್ರವನ್ನು ನಂಬಬಹುದು. ಅದರ ಕೆಳಗೆ ಯಾರೋ ಬರೆದ ವಂಶಾವಳಿಯನ್ನು ಬೇರೆ ದಾಖಲೆಯಿಂದ ತಾಳೆ ನೋಡದೆ ನಂಬಬಾರದು.

ಮತ್ತೊಂದು ಮಾತು. ಕಸ್ಟರ್ ಕೌಂಟಿಯ ಹೋಮ್‌ಸ್ಟೆಡ್ ಕುಟುಂಬಗಳಿಗೆ ಬೇರೆಯವರಿಗಿಲ್ಲದ ಒಂದು ಸೌಭಾಗ್ಯವಿದೆ. ಸಾಲೊಮನ್ ಬುಚರ್ ಎಂಬ ಛಾಯಾಗ್ರಾಹಕ 1886ರಲ್ಲಿ ಗಾಡಿ ಕಟ್ಟಿಕೊಂಡು ಈ ಕೌಂಟಿಯ ಮನೆಮನೆಗೆ ಹೋಗಿ, ಹುಲ್ಲುಹೆಂಟೆಯ ಮನೆಗಳ ಮುಂದೆ ಕುಟುಂಬದವರನ್ನು ಕೂರಿಸಿ, ದನ, ನೇಗಿಲು, ಹೊಲಿಗೆ ಯಂತ್ರ ಮೊದಲಾಗಿ ಎಲ್ಲವನ್ನೂ ಹೊರಗೆ ತರಿಸಿ ಚಿತ್ರ ತೆಗೆಯಲು ಆರಂಭಿಸಿದರು. ಅವರ ಸುಮಾರು ಮೂರು ಸಾವಿರ ಗಾಜಿನ ನೆಗೆಟಿವ್‌ಗಳು ನೆಬ್ರಾಸ್ಕ ರಾಜ್ಯ ಇತಿಹಾಸ ಸಂಸ್ಥೆಯ ಸಂಗ್ರಹದಲ್ಲಿವೆ. ನಿಮ್ಮ ಅಳಿಯನ ಮನೆತನದ ಹೆಸರು ಅಲ್ಲಿ ಇಲ್ಲದಿದ್ದರೂ, ಕಡತದಲ್ಲಿ ಸಾಕ್ಷಿ ಹೇಳಿದ ನೆರೆಯವರ ಹೆಸರು ಇರಬಹುದು.

ಪ್ರಶ್ನೆ: ನಾನು ಭೂಮಾಪನ ಇಲಾಖೆಯಲ್ಲಿ ಕೆಲಸ ಮಾಡಿ ನಿವೃತ್ತನಾದವನು. ನಮ್ಮಲ್ಲಿ ಸರ್ವೆ ನಂಬರು, ಹಿಸ್ಸಾ, ಚೆಕ್ಕುಬಂದಿ, ಟಿಪ್ಪಣಿ ಇರುವಂತೆ ಅಲ್ಲಿ ಏನಿದೆ? ನೂರು ವರ್ಷ ಹಿಂದಿನ ಹೊಲವನ್ನು ಇವತ್ತಿನ ನೆಲದ ಮೇಲೆ ಗುರುತಿಸುವುದು ಸಾಧ್ಯವೇ? — ಮೈಸೂರು

ಉತ್ತರ: ತಮ್ಮಂಥವರಿಗೆ ಇದು ತುಂಬ ಹಿಡಿಸುವ ವಿಷಯ, ಏಕೆಂದರೆ ಅಲ್ಲಿ ಜನ ಬಂದು ನೆಲೆಸುವುದಕ್ಕೂ ಮೊದಲೇ ಭೂಮಾಪಕರು ಬಂದು ನೆಲವನ್ನು ಚೌಕಾಕಾರವಾಗಿ ಅಳೆದು ಇಟ್ಟಿದ್ದರು. ನಮ್ಮ ಸರ್ವೆ ನಂಬರುಗಳು ಹಳ್ಳ, ಬದು, ಹಿಡುವಳಿಗಳ ಆಕಾರವನ್ನು ಅನುಸರಿಸಿ ಹುಟ್ಟಿದವು. ಅಲ್ಲಿಯವು ಗುಡ್ಡ ಹಳ್ಳಗಳನ್ನು ಲೆಕ್ಕಿಸದೆ ರೇಖೆಗಳಿಂದ ಹುಟ್ಟಿದವು. ನೆಬ್ರಾಸ್ಕದ ಅಳತೆಗೆ ಉತ್ತರ ದಕ್ಷಿಣವಾಗಿ ಹಾಯುವ ಆರನೆಯ ಪ್ರಧಾನ ಮಧ್ಯಾಹ್ನರೇಖೆ ಮತ್ತು ಅದನ್ನು ಅಡ್ಡ ಹಾಯುವ ಆಧಾರರೇಖೆ ಮೂಲ. ಆಧಾರರೇಖೆ 40 ಡಿಗ್ರಿ ಉತ್ತರ ಅಕ್ಷಾಂಶದ ಮೇಲಿದೆ. ನೆಬ್ರಾಸ್ಕ ಮತ್ತು ಕಾನ್ಸಸ್ ರಾಜ್ಯಗಳ ಗಡಿಯೂ ಅದೇ. ಅಲ್ಲಿಂದ ಉತ್ತರಕ್ಕೆ ಆರಾರು ಮೈಲಿಗೊಂದರಂತೆ ‘ಟೌನ್‌ಶಿಪ್’ ಎಣಿಕೆ, ಮಧ್ಯಾಹ್ನರೇಖೆಯಿಂದ ಪೂರ್ವಕ್ಕೆ ಅಥವಾ ಪಶ್ಚಿಮಕ್ಕೆ ಆರಾರು ಮೈಲಿಗೊಂದರಂತೆ ‘ರೇಂಜ್’ ಎಣಿಕೆ. ಹೀಗಾದ ಆರು ಮೈಲಿ ಚೌಕದೊಳಗೆ ಒಂದೊಂದು ಚದರ ಮೈಲಿಯ, ಅಂದರೆ 640 ಎಕರೆಯ, 36 ಸೆಕ್ಷನ್‌ಗಳು. ಸೆಕ್ಷನ್‌ನ ನಾಲ್ಕನೆಯ ಒಂದು ಪಾಲೇ ಹೋಮ್‌ಸ್ಟೆಡ್‌ನ 160 ಎಕರೆ, ಅರ್ಧ ಮೈಲಿ ಉದ್ದಗಲದ ಚೌಕ.

ಸೆಕ್ಷನ್‌ಗಳ ಎಣಿಕೆ ನಮ್ಮ ಎತ್ತುಗಳು ಉಳುವ ಹಾಗೆ ಸಾಗುತ್ತದೆ. ಈಶಾನ್ಯ ಮೂಲೆಯಲ್ಲಿ 1ರಿಂದ ಹೊರಟು ಪಶ್ಚಿಮದ ಕೊನೆಯಲ್ಲಿ 6 ಮುಟ್ಟಿ, ಅದರ ಕೆಳಗೆ 7ಕ್ಕೆ ತಿರುಗಿ ಪೂರ್ವಕ್ಕೆ 12ರವರೆಗೆ ಬಂದು, ಮತ್ತೆ ತಿರುಗಿ ಹೀಗೆ ಆಗ್ನೇಯ ಮೂಲೆಯಲ್ಲಿ 36ಕ್ಕೆ ಮುಗಿಯುತ್ತದೆ. ಉದಾಹರಣೆಗೆ ಹಕ್ಕುಪತ್ರದಲ್ಲಿ ‘ಸೆಕ್ಷನ್ 14ರ ನೈಋತ್ಯ ಕಾಲುಭಾಗ, ಟೌನ್‌ಶಿಪ್ 17 ಉತ್ತರ, ರೇಂಜ್ 20 ಪಶ್ಚಿಮ’ ಎಂದಿದ್ದರೆ, ಆಧಾರರೇಖೆಯಿಂದ ಉತ್ತರಕ್ಕೆ 96 ಮೈಲಿ ದಾಟಿದ ಮೇಲೆ, ಮಧ್ಯಾಹ್ನರೇಖೆಯಿಂದ ಪಶ್ಚಿಮಕ್ಕೆ 114 ಮೈಲಿ ದಾಟಿದ ಮೇಲೆ ಸಿಗುವ ಚೌಕದಲ್ಲಿ, ಮೇಲಿನಿಂದ ಮೂರನೆಯ ಸಾಲಿನಲ್ಲಿ, ಪೂರ್ವದ ಅಂಚಿನಿಂದ ಎರಡನೆಯ ಸೆಕ್ಷನ್ ಎಂದು ಕಾಗದದ ಮೇಲೆಯೇ ಬೆರಳಿಟ್ಟು ತೋರಿಸಬಹುದು. ಅದು ಬ್ರೋಕನ್ ಬೋ ಪಟ್ಟಣದ ಆಸುಪಾಸಿನ ನೆಲ. ರೇಂಜ್ ಪೂರ್ವವೋ ಪಶ್ಚಿಮವೋ ಎಂಬ ಒಂದು ಅಕ್ಷರವನ್ನು ತಪ್ಪಾಗಿ ಓದಿದರೆ ಬೇರೆಯೇ ಕೌಂಟಿಗೆ ಹೋಗಿ ನಿಲ್ಲುತ್ತೀರಿ. ನಾನೇ ಒಮ್ಮೆ ಹಾಗೆ ನಿಂತಿದ್ದೆ. ಒಂದು ದಿನದ ಪ್ರಯಾಣ ವ್ಯರ್ಥವಾಗಿ, ಜತೆಗೆ ಬಂದಿದ್ದ ವೃದ್ಧರಿಗೆ ಆದ ನಿರಾಸೆಯನ್ನು ನೆನೆದರೆ ಈಗಲೂ ಬೇಸರವಾಗುತ್ತದೆ.

ನೆಲ ಗೊತ್ತಾದ ಮೇಲೆ ಮನೆಯ ಜಾಗ. ಮನೆ ಎಂಥದು ಎಂಬುದನ್ನು ಮೊದಲು ತಿಳಿಯಬೇಕು. ಮರವಿಲ್ಲದ ಆ ಬಯಲಿನಲ್ಲಿ ಹುಲ್ಲಿನ ಬೇರು ಬಿಗಿದ ಮಣ್ಣನ್ನು ವಿಶೇಷ ನೇಗಿಲಿನಿಂದ ಪಟ್ಟಿಪಟ್ಟಿಯಾಗಿ ಸೀಳಿ, ಸುಮಾರು ಮೂರಡಿ ಉದ್ದಕ್ಕೆ ಕತ್ತರಿಸಿ, ಹುಲ್ಲಿನ ಮೈ ಕೆಳಗಾಗುವಂತೆ ಇಟ್ಟಿಗೆಯ ಹಾಗೆ ಪೇರಿಸುತ್ತಿದ್ದರು. ಅದಕ್ಕೆ ‘ನೆಬ್ರಾಸ್ಕದ ಅಮೃತಶಿಲೆ’ ಎಂದು ಹೆಸರಿಟ್ಟಿದ್ದರು. ಒಂದು ಸಾಧಾರಣ ಮನೆಗೆ ಸರಿಸುಮಾರು ಒಂದು ಎಕರೆಯ ಮೇಲ್ಪದರ ಬೇಕಾಗುತ್ತಿತ್ತು. ಬೇಸಗೆಯಲ್ಲಿ ತಂಪು, ಚಳಿಗಾಲದಲ್ಲಿ ಬೆಚ್ಚಗೆ. ಆದರೆ ಮಳೆ ಬಂದರೆ ಮಾಡು ಸೋರಿ, ಮಳೆ ನಿಂತ ಮೇಲೂ ಒಳಗೆ ತೊಟ್ಟಿಕ್ಕುತ್ತಿತ್ತು. ಇಂಥ ಮನೆ ಬಿದ್ದರೆ ಮತ್ತೆ ನೆಲವೇ ಆಗುತ್ತದೆ. ಆದ್ದರಿಂದ ಗೋಡೆ ಹುಡುಕಬೇಡಿ. ಸ್ವಲ್ಪ ಉಬ್ಬಿದ ಆಯಾಕಾರದ ದಿಬ್ಬ, ನೆಲಮಾಳಿಗೆ ಕುಸಿದ ಗುಂಡಿ, ಗಾಳಿಯಂತ್ರದ ಕಾಲು ಊರಿದ್ದ ಜಾಗ, ಯಾರೂ ನೀರು ಹಾಕದಿದ್ದರೂ ವರ್ಷವರ್ಷ ಹೂಬಿಡುವ ಲೈಲ್ಯಾಕ್ ಪೊದೆಯ ಸಾಲು, ಇವನ್ನು ಹುಡುಕಿ. ಲೈಲ್ಯಾಕ್ ಆ ಬಯಲಿನಲ್ಲಿ ತಾನಾಗಿ ಹುಟ್ಟುವ ಗಿಡವಲ್ಲ. ಅದಿದ್ದಲ್ಲಿ ಒಬ್ಬ ಹೆಂಗಸು ಅದನ್ನು ನೆಟ್ಟಿದ್ದಾಳೆ ಎಂದೇ ನಾನು ತಿಳಿಯುತ್ತೇನೆ. ಸಂಜೆಯ ಓರೆಬಿಸಿಲಿನಲ್ಲಿ ನೋಡಿದರೆ ತಗ್ಗು ದಿಬ್ಬಗಳ ನೆರಳು ಚೆನ್ನಾಗಿ ಕಾಣುತ್ತದೆ. ಹೊರಡುವ ಮೊದಲು ಅಮೆರಿಕದ ಭೂವಿಜ್ಞಾನ ಸಮೀಕ್ಷೆಯ ಹಳೆಯ ನಕಾಶೆಗಳನ್ನೂ, 1930ರ ದಶಕದಿಂದ ಮುಂದೆ ಕೃಷಿ ಇಲಾಖೆ ತೆಗೆಸಿದ ವಿಮಾನಚಿತ್ರಗಳನ್ನೂ, ಹಿಡುವಳಿದಾರರ ಹೆಸರು ಬರೆದ ಕೌಂಟಿ ಪ್ಲಾಟ್ ಪುಸ್ತಕಗಳನ್ನೂ ನೋಡಿ. ಈಗ ಇಲ್ಲದ ಶಾಲೆ, ಚರ್ಚು, ಸ್ಮಶಾನಗಳು ಅವುಗಳಲ್ಲಿ ಗುರುತಾಗಿರುತ್ತವೆ. 1920ರಲ್ಲಿ ಕಸ್ಟರ್ ಕೌಂಟಿಯಲ್ಲಿ 26,000ಕ್ಕೂ ಮಿಕ್ಕ ಜನರಿದ್ದರು. 2020ರ ಹೊತ್ತಿಗೆ ಆ ಸಂಖ್ಯೆ 10,500ರ ಆಸುಪಾಸಿಗೆ ಇಳಿದಿತ್ತು. ಜನರ ಜತೆಗೆ ಊರ ಹೆಸರುಗಳೂ ಅಳಿದವು. ಹಳೆಯ ಪತ್ರದಲ್ಲಿ ಕಾಣುವ ಅಂಚೆ ಕಚೇರಿಯ ಹೆಸರು ಇಂದಿನ ನಕಾಶೆಯಲ್ಲಿ ಇಲ್ಲದಿದ್ದರೆ ಗಾಬರಿಪಡಬೇಡಿ. ಅಂಚೆ ಕಚೇರಿಗಳ ಜಾಗವನ್ನು ಸೆಕ್ಷನ್ ಸಮೇತ ಬರೆದ ವರದಿಗಳು ರಾಷ್ಟ್ರೀಯ ದಫ್ತರಖಾನೆಯಲ್ಲಿವೆ.

ಪ್ರಶ್ನೆ: ನನ್ನ ಗೆಳತಿಯ ಗಂಡನ ಮನೆತನವೂ ನೆಬ್ರಾಸ್ಕದ್ದೇ. ಹಕ್ಕುಪತ್ರಗಳಲ್ಲಿ ಹುಡುಕಿದೆವು, ಹೆಸರೇ ಇಲ್ಲ. ಹಾಗಾದರೆ ಮನೆಯವರು ಹೇಳುವ ಕಥೆ ಸುಳ್ಳೇ? — ಶಿವಮೊಗ್ಗ

ಉತ್ತರ: ಸುಳ್ಳೆಂದು ತೀರ್ಮಾನಿಸುವ ಮೊದಲು ಬರಹವನ್ನು ಅನುಮಾನಿಸಿ. ಡೆನ್ಮಾರ್ಕ್, ಬೊಹಿಮಿಯ, ಜರ್ಮನಿಗಳಿಂದ ಬಂದವರ ಹೆಸರನ್ನು ಗುಮಾಸ್ತರು ಕಿವಿಗೆ ಬಿದ್ದಂತೆ ಬರೆದರು. ಹೆಸರಿನ ಬದಲು ಟೌನ್‌ಶಿಪ್, ರೇಂಜ್ ಕೊಟ್ಟು ಆ ಚೌಕದ ಎಲ್ಲ ಹಕ್ಕುಪತ್ರಗಳನ್ನೂ ಒಂದೊಂದಾಗಿ ಓದಿದರೆ ಎಷ್ಟೋ ಸಲ ಸಿಕ್ಕಿಬಿಡುತ್ತದೆ.

ಅಲ್ಲಿಯೂ ಇಲ್ಲದಿದ್ದರೆ, ಅವರು ಹಕ್ಕುಪತ್ರದವರೆಗೆ ಮುಟ್ಟಲಿಲ್ಲ ಎಂದೇ ಅರ್ಥವಾಗಬಹುದು. ಅರ್ಜಿ ಹಾಕಿದವರಲ್ಲಿ ಬಹಳ ಮಂದಿ ಐದು ವರ್ಷ ತಾಳಲಿಲ್ಲ. 1874ರ ಮಿಡತೆಯ ಹಾವಳಿ, 1888ರ ಜನವರಿ 12ರಂದು ಶಾಲೆಯಿಂದ ಮನೆಗೆ ಹೊರಟ ಮಕ್ಕಳನ್ನೇ ಬಲಿ ತೆಗೆದುಕೊಂಡ ಹಿಮಬಿರುಗಾಳಿ, 1894ರ ಬರ, ಇವುಗಳಲ್ಲಿ ಒಂದೊಂದೂ ಎಷ್ಟೋ ಸಂಸಾರಗಳನ್ನು ಗಾಡಿ ತಿರುಗಿಸಿಕೊಂಡು ಹೋಗುವಂತೆ ಮಾಡಿದವು. ಅಂಥವರು ತಮ್ಮ ಹಕ್ಕನ್ನು ಬೇರೆಯವರಿಗೆ ಬಿಟ್ಟುಕೊಟ್ಟು ನೂರಿನ್ನೂರು ಡಾಲರ್ ತೆಗೆದುಕೊಂಡು ಹೋದದ್ದೂ ಉಂಟು. ಅವರ ಹೆಸರು ಹಕ್ಕುಪತ್ರದ ಸೂಚಿಯಲ್ಲಿ ಇರುವುದಿಲ್ಲ. ಭೂಕಚೇರಿಯ ‘ಟ್ರ್ಯಾಕ್ಟ್ ಬುಕ್’ ಎಂಬ ಖಾತೆಗಳಲ್ಲಿ, ಮೇಲೆ ಗೀಟು ಹೊಡೆದ ಸ್ಥಿತಿಯಲ್ಲಿ ಇರುತ್ತದೆ. ಈ ಖಾತೆಗಳ ಚಿತ್ರಗಳು ಫ್ಯಾಮಿಲಿಸರ್ಚ್ ತಾಣದಲ್ಲಿ ಉಚಿತ. ಸೋತು ಹೋದವರ ಕಡತಗಳೂ ದಫ್ತರಖಾನೆಯಲ್ಲಿ ಉಳಿದಿವೆ, ಮತ್ತು ನನ್ನ ಅನುಭವದಲ್ಲಿ ಗೆದ್ದವರ ಕಡತಗಳಿಗಿಂತ ಹೆಚ್ಚು ಮಾತನಾಡುವವು ಅವೇ.

ಬೇರೆ ದಾರಿಗಳಿಂದಲೂ ನೆಲ ಬಂದಿರಬಹುದು. 1873ರ ಕಾಯಿದೆಯಂತೆ ಮರ ನೆಟ್ಟು ಬೆಳೆಸುವ ಕರಾರಿನ ಮೇಲೆ 160 ಎಕರೆ ಸಿಗುತ್ತಿತ್ತು. 1904ರ ಕಿಂಕೇಡ್ ಕಾಯಿದೆ ಪಶ್ಚಿಮ ನೆಬ್ರಾಸ್ಕದ ಮರಳುದಿಬ್ಬಗಳ ಸೀಮೆಯಲ್ಲಿ 640 ಎಕರೆ ಕೊಟ್ಟಿತು. ರೈಲ್ವೆ ಕಂಪನಿಗಳಿಗೆ ಸರ್ಕಾರ ದಾನ ಕೊಟ್ಟಿದ್ದ ಸೆಕ್ಷನ್‌ಗಳಲ್ಲಿ ನೆಲ ಕೊಂಡವರಾದರೆ ಹಕ್ಕುಪತ್ರ ಕಂಪನಿಯ ಹೆಸರಿನಲ್ಲಿರುತ್ತದೆ. ನಿಮಗೆ ಬೇಕಾದ ಕ್ರಯಪತ್ರ ಕೌಂಟಿಯ ನೋಂದಣಿ ಕಚೇರಿಯಲ್ಲಿರುತ್ತದೆ. ಅಲ್ಲಿ ಹೆಸರಿನ ಸೂಚಿಯಲ್ಲದೆ ನೆಲದ ಅಂಕಿಯ ಸೂಚಿಯೂ ಇದೆ. ಅದನ್ನೇ ಕೇಳಿ ತೆಗೆಸಿ. ಒಂದು ಕಾಲುಭಾಗದ ನೆಲ ಯಾರಿಂದ ಯಾರಿಗೆ ದಾಟಿತೆಂಬುದು ಒಂದೇ ಪುಟದಲ್ಲಿ ಸಿಗುತ್ತದೆ, ‘ಸಮಾಧಿಯ ಜಾಗ ಬಿಟ್ಟು’ ಎಂಬ ಮಾತು ಯಾವುದೋ ಕ್ರಯಪತ್ರದಲ್ಲಿ ಅಡಗಿರುವುದೂ ಉಂಟು.

ಪ್ರಶ್ನೆ: ಅಯೋವಾದಲ್ಲಿರುವ ಕನ್ನಡಿಗ ನಾನು. ನಮ್ಮ ಊರಿನ ಹಳೆಯ ಸ್ಮಶಾನವನ್ನು ಶುಚಿ ಮಾಡುವ ನೆರೆಯವರ ಜತೆ ಕೈಜೋಡಿಸಿದ್ದೇನೆ. ಕಲ್ಲುಗಳ ಅಕ್ಷರ ಸವೆದು ಓದಲಾಗುವುದಿಲ್ಲ. ಸೀಮೆಸುಣ್ಣ ಉಜ್ಜಿದರೆ ಕಾಣುತ್ತದೆ ಎನ್ನುತ್ತಾರೆ. ಸರಿಯೇ? — ಡಿ ಮೋಯ್ನ್

ಉತ್ತರ: ದಯವಿಟ್ಟು ಉಜ್ಜಬೇಡಿ. ಸೀಮೆಸುಣ್ಣ, ಹಿಟ್ಟು, ಕ್ಷೌರದ ನೊರೆ, ಬ್ಲೀಚು, ತಂತಿ ಬ್ರಷ್ಷು, ಒತ್ತಡದ ನೀರು ಇವೆಲ್ಲವೂ ಅಮೃತಶಿಲೆಯನ್ನು ತಿನ್ನುತ್ತವೆ. ನೂರು ವರ್ಷದ ಮಳೆಗಾಳಿಗೆ ಸಕ್ಕರೆಯ ಹಾಗೆ ಉದುರುವ ಸ್ಥಿತಿಗೆ ಬಂದಿರುವ ಕಲ್ಲು ಅದು. ಓದಲು ಬೇಕಾದದ್ದು ಓರೆಯಾದ ಬೆಳಕು ಮಾತ್ರ: ಹಗಲಿನಲ್ಲಿ ದೊಡ್ಡ ಕನ್ನಡಿಯಿಂದ ಬಿಸಿಲನ್ನು ಕಲ್ಲಿನ ಪಕ್ಕದಿಂದ ಹಾಯಿಸಿ, ಅಥವಾ ಕತ್ತಲಾದ ಮೇಲೆ ಟಾರ್ಚನ್ನು ಕಲ್ಲಿಗೆ ಒರಗಿಸಿ ಹಿಡಿಯಿರಿ, ಹಗಲಿನಲ್ಲಿ ಕಾಣದ ಹೆಸರು ನೆರಳಾಗಿ ಎದ್ದು ಬರುತ್ತದೆ. ಪಾಚಿ ತೆಗೆಯಲೇಬೇಕಿದ್ದರೆ, ಸ್ಮಶಾನ ನೋಡಿಕೊಳ್ಳುವವರ ಒಪ್ಪಿಗೆ ಪಡೆದು, ಬರಿಯ ನೀರು ಮತ್ತು ಮೆತ್ತನೆಯ ಬ್ರಷ್ಷಿನಿಂದ ಕೆಳಗಿನಿಂದ ಮೇಲಕ್ಕೆ ತೊಳೆಯಿರಿ. ಅಲುಗುವ ಅಥವಾ ಸೀಳಿದ ಕಲ್ಲನ್ನು ಮುಟ್ಟಲೇಬೇಡಿ.

ನೀಲಿ ಛಾಯೆಯ ಬೂದುಬಣ್ಣದ, ಅಕ್ಷರ ನಿನ್ನೆ ಕೆತ್ತಿದಂತಿರುವ ಸ್ಮಾರಕ ಕಂಡರೆ ಬೆರಳಿನಿಂದ ತಟ್ಟಿ ನೋಡಿ. ಟೊಳ್ಳು ಸದ್ದು ಬಂದರೆ ಅದು ಕಲ್ಲಲ್ಲ, ಸತುವು. ‘ಬಿಳಿ ಕಂಚು’ ಎಂಬ ಹೆಸರಿನಲ್ಲಿ 1870ರ ದಶಕದಿಂದ 1914ರವರೆಗೆ ಇವನ್ನು ಮಾರುತ್ತಿದ್ದರು. ಮಲಗಿದ ಕುರಿಮರಿ ಇದ್ದರೆ ಅದು ಮಗುವಿನ ಸಮಾಧಿ. ಗುರಾಣಿಯ ಆಕಾರದ ಚೌಕಟ್ಟಿನೊಳಗೆ ಹೆಸರಿದ್ದರೆ ಸಾಮಾನ್ಯವಾಗಿ ಅಮೆರಿಕದ ಅಂತರ್ಯುದ್ಧದಲ್ಲಿ ಕಾದಾಡಿದವರು; ಅವರ ಪಿಂಚಣಿ ಕಡತ ಬೇರೆಯೇ ಇರುತ್ತದೆ, ಅದರಲ್ಲಿ ಮದುವೆ ಮಕ್ಕಳ ವಿವರವೂ ಇರುತ್ತದೆ. ಕಲ್ಲಿನ ಮೇಲೆ ಹುಟ್ಟಿದ ದಿನದ ಬದಲು ಬದುಕಿದ ಅವಧಿಯನ್ನು ಕೆತ್ತುವುದು ಆ ಕಾಲದ ರೂಢಿ. 1888ರ ಮಾರ್ಚ್ 14ರಂದು ಮರಣ, ವಯಸ್ಸು 3 ವರ್ಷ 5 ತಿಂಗಳು 20 ದಿನ ಎಂದಿದ್ದರೆ, ಮೊದಲು ವರ್ಷ, ಆಮೇಲೆ ತಿಂಗಳು, ಕೊನೆಗೆ ದಿನ ಕಳೆಯಿರಿ: ಹುಟ್ಟಿದ್ದು 1884ರ ಸೆಪ್ಟೆಂಬರ್ 24. ತಂದೆತಾಯಿಗಳು ದಿನವನ್ನೂ ಬಿಡದೆ ಎಣಿಸಿ ಕೆತ್ತಿಸಿದ್ದಾರೆ.

ಕಲ್ಲೇ ಇಲ್ಲದ ಸಮಾಧಿಗಳು ಇನ್ನೂ ಹೆಚ್ಚು. ಮರದ ಹಲಗೆಗಳು ಕಾಡ್ಗಿಚ್ಚಿನಲ್ಲಿ ಸುಟ್ಟುಹೋದವು. ಸಾಲಾಗಿ ಕಾಣುವ ಉದ್ದನೆಯ ತಗ್ಗುಗಳು, ಒಂಟಿ ಕೆಂಪು ಸೀಡರ್ ಮರ, ಹುಲ್ಲಿನ ನಡುವೆ ಐರಿಸ್ ಗಡ್ಡೆಗಳ ಗುಂಪು, ಇವು ಕುರುಹುಗಳು. ಲೋಹದ ಕಡ್ಡಿ ಹಿಡಿದು ನಡೆದು ಸಮಾಧಿ ಹೇಳುವವರು ಅಲ್ಲಿಯೂ ಇದ್ದಾರೆ. ಅವರ ಮಾತನ್ನು ದಾಖಲೆಯೆಂದು ಬರೆಯಬೇಡಿ. ನೆಲವನ್ನು ಭೇದಿಸುವ ರೇಡಾರ್ ಒಂದು ಮಟ್ಟಿಗೆ ಉತ್ತರ ಕೊಡುತ್ತದೆ.

ಪ್ರಶ್ನೆ: ಧಾರವಾಡದ ಪತ್ರದಲ್ಲಿ 1880ರ ದಶಕದಲ್ಲಿ ಬಂದು ನೆಲ ಪಡೆದವರ ಮಾತಿದೆ. ಅದಕ್ಕೂ ಮೊದಲು ಅಲ್ಲಿ ಯಾರೂ ಇರಲಿಲ್ಲವೇ? — ಬೆಂಗಳೂರು

ಉತ್ತರ: ಇದ್ದರು, ಮತ್ತು ಈ ಪ್ರಶ್ನೆಯನ್ನು ಬಿಟ್ಟು ಆ ಕೌಂಟಿಯ ಸಮಾಧಿಗಳ ಬಗ್ಗೆ ಬರೆಯುವುದು ಪ್ರಾಮಾಣಿಕ ಕೆಲಸವಾಗುವುದಿಲ್ಲ. ಅದು ಪಾನಿ ಎಂಬ ಮೂಲನಿವಾಸಿ ಜನರ ನಾಡು. ಕೌಂಟಿಯಲ್ಲಿ ಹರಿಯುವ ಲೂಪ್ ನದಿಯ ಕವಲುಗಳಿಗೆ ಆ ಹೆಸರು ಬಂದದ್ದು ಪಾನಿಗಳ ಸ್ಕಿಡಿ ಪಂಗಡದಿಂದ. ಅವರನ್ನು ತೋಳದ ಜನ ಎಂದು ಕರೆಯುತ್ತಿದ್ದರು, ಫ್ರೆಂಚ್ ಭಾಷೆಯಲ್ಲಿ ‘ಲೂ’ ಎಂದರೆ ತೋಳ. ಬ್ರೋಕನ್ ಬೋ ಎಂಬ ಪಟ್ಟಣದ ಹೆಸರಿನ ಅರ್ಥ ‘ಮುರಿದ ಬಿಲ್ಲು’. ಅಲ್ಲಿ ಸಿಕ್ಕ ಮೂಲನಿವಾಸಿಗಳ ಮುರಿದ ಬಿಲ್ಲೊಂದರಿಂದ ಆ ಹೆಸರು ಬಂತೆಂದು ಊರವರು ಹೇಳುತ್ತಾರೆ. 1833, 1848, 1857ರ ಒಪ್ಪಂದಗಳಲ್ಲಿ ಪಾನಿಗಳು ಒಂದೊಂದಾಗಿ ನೆಲ ಬಿಟ್ಟುಕೊಡಬೇಕಾಯಿತು. 1870ರ ದಶಕದಲ್ಲಿ ಉಳಿದವರು ಇಂದಿನ ಒಕ್ಲಹೋಮಕ್ಕೆ ಹೋಗಬೇಕಾಯಿತು. 1877ರಲ್ಲಿ ಕಸ್ಟರ್ ಕೌಂಟಿ ರಚನೆಯಾದಾಗ, ಹಿಂದಿನ ವರ್ಷ ಮೂಲನಿವಾಸಿಗಳ ವಿರುದ್ಧದ ಯುದ್ಧದಲ್ಲಿ ಸತ್ತ ಸೇನಾಧಿಕಾರಿಯ ಹೆಸರನ್ನೇ ಅದಕ್ಕೆ ಇಟ್ಟರು.

ಪಾನಿಗಳ ಸಮಾಧಿಗಳನ್ನು ದಶಕಗಳ ಕಾಲ ಅಗೆದು ಎಲುಬುಗಳನ್ನು ಸಂಗ್ರಹಾಲಯಗಳಲ್ಲಿ ಇಟ್ಟಿದ್ದರು. ಅವರ ವಂಶಸ್ಥರು ಹೋರಾಡಿದ ಮೇಲೆ 1989ರಲ್ಲಿ ನೆಬ್ರಾಸ್ಕ ರಾಜ್ಯವು ಗುರುತಿಲ್ಲದ ಸಮಾಧಿಗಳನ್ನು ರಕ್ಷಿಸುವ ಮತ್ತು ಅವಶೇಷಗಳನ್ನು ಹಿಂದಿರುಗಿಸುವ ಕಾಯಿದೆ ಮಾಡಿತು. ನಿಮ್ಮ ಹುಡುಕಾಟದಲ್ಲಿ ಎಲುಬು ಕಂಡರೆ, ಅದು ಯಾರದೇ ಇರಲಿ, ಮುಟ್ಟದೆ, ಮಣ್ಣು ಕೆದಕದೆ, ಕೌಂಟಿಯ ಪೊಲೀಸ್ ಅಧಿಕಾರಿಯಾದ ಶೆರಿಫ್‌ಗೆ ತಿಳಿಸಿ.

ಪ್ರಶ್ನೆ: ನೆಲ ಈಗ ಬೇರೆಯವರದು. ಒಳಗೆ ಹೋಗಬಹುದೇ? — ಉಡುಪಿ

ಉತ್ತರ: ಕೇಳದೆ ಹೋಗಬಾರದು. ಈಗಿನ ಒಡೆಯರ ಹೆಸರನ್ನು ಕೌಂಟಿಯ ತೆರಿಗೆ ಕಚೇರಿಯ ನಕಾಶೆಯಲ್ಲಿ ನೋಡಿ, ಮೊದಲು ಒಂದು ಕಾಗದ ಬರೆಯಿರಿ. ಅದರ ಜತೆ ಹಕ್ಕುಪತ್ರದ ಪ್ರತಿಯೊಂದನ್ನು ಇಟ್ಟರೆ ಒಳ್ಳೆಯದು. ತಮ್ಮ ಹೊಲದ ಮೊದಲ ಕಾಗದವನ್ನು ಎಷ್ಟೋ ರೈತರು ನೋಡಿಯೇ ಇರುವುದಿಲ್ಲ. ಉತ್ತಿದ ಹೊಲದ ನಡುವೆ ನಾಲ್ಕು ಮಾರು ಜಾಗವನ್ನು ನೇಗಿಲು ತಾಗಿಸದೆ ಮೂರು ತಲೆಮಾರಿನಿಂದ ಬಿಟ್ಟುಕೊಂಡು ಬಂದವರನ್ನು ನಾನು ಕಂಡಿದ್ದೇನೆ. ‘ಅಲ್ಲಿ ಯಾರದೋ ಮಗು ಇದೆ ಅಂತ ನಮ್ಮ ಅಜ್ಜ ಹೇಳ್ತಿದ್ದರು’ ಎಂಬಷ್ಟೇ ಅವರಿಗೆ ಗೊತ್ತಿರುತ್ತದೆ. ಬೇಲಿಯ ಗೇಟು ಹೇಗಿತ್ತೋ ಹಾಗೆಯೇ ಮುಚ್ಚಿ ಬನ್ನಿ.

ಪ್ರಶ್ನೆ: ಧಾರವಾಡದ ಅದೇ ಶಿಕ್ಷಕಿ. ಮೇ ತಿಂಗಳಲ್ಲಿ ಯಾವ ದಿನ ಹೋದರೆ ಒಳ್ಳೆಯದು? ಸಮಾಧಿಗೆ ಹೂವಿಡುವ ರೂಢಿ ಅಲ್ಲಿ ಇದೆಯೇ?

ಉತ್ತರ: ಮೇ ತಿಂಗಳ ಕೊನೆಯ ಸೋಮವಾರ ಅಲ್ಲಿ ಸ್ಮರಣೆಯ ದಿನ. ಯುದ್ಧದಲ್ಲಿ ಮಡಿದ ಸೈನಿಕರ ಸಮಾಧಿಗಳನ್ನು ಅಲಂಕರಿಸಲೆಂದು 1868ರಲ್ಲಿ ಆರಂಭವಾದ ಪದ್ಧತಿಯಾದರೂ, ಹಳ್ಳಿಗಳಲ್ಲಿ ಆ ವಾರವೆಲ್ಲ ಮನೆಮಂದಿ ತಮ್ಮ ಹಿರಿಯರ ಸಮಾಧಿಗಳಿಗೆ ಹಿತ್ತಲಿನ ಪಿಯೊನಿ, ಐರಿಸ್ ಹೂಗಳನ್ನು ಡಬ್ಬಿಗಳಲ್ಲಿ ತಂದಿಡುತ್ತಾರೆ. ವರ್ಷವಿಡೀ ಯಾರೂ ಸುಳಿಯದ ಸ್ಮಶಾನಕ್ಕೂ ಆ ದಿನ ಎರಡು ಕಾರು ಬಂದಿರುತ್ತವೆ, ಹುಲ್ಲು ಕತ್ತರಿಸಿರುತ್ತಾರೆ, ಯಾರು ಎಲ್ಲಿ ಮಲಗಿದ್ದಾರೆಂದು ಬಾಯಲ್ಲೇ ಹೇಳಬಲ್ಲ ವೃದ್ಧೆಯೊಬ್ಬರು ಕುರ್ಚಿ ಹಾಕಿಕೊಂಡು ಕುಳಿತಿರುವುದೂ ಉಂಟು. ಒಮಾಹಾದಿಂದ ಬ್ರೋಕನ್ ಬೋ ಇನ್ನೂರು ಮೈಲಿಗೂ ಹೆಚ್ಚು. ಹಿಂದಿನ ದಿನವೇ ಹೋಗಿ ಉಳಿಯಿರಿ, ಬೆಳಿಗ್ಗೆ ಬೇಗ ಸ್ಮಶಾನಕ್ಕೆ ಹೋಗಿ. ಸಾಕ್ಷಿ ಹೇಳಿದ ಇಬ್ಬರು ನೆರೆಯವರ ಹೆಸರನ್ನು ಚೀಟಿಯಲ್ಲಿ ಬರೆದು ಮೊಮ್ಮಗನ ಕೈಗೆ ಕೊಡಿ, ಅಲ್ಲಿರುವವರನ್ನು ಅವನೇ ಕೇಳಲಿ. ನಿಮ್ಮ ಮನೆತನದ ಹೆಸರು ಮರೆತವರಿಗೂ ಆ ನೆರೆಯವರ ಹೆಸರು ನೆನಪಿರಬಹುದು. ಹೂವನ್ನು ಧಾರಾಳವಾಗಿ ಒಯ್ಯಿರಿ. ಕೂಸಿನ ಜಾಗ ಖಚಿತವಾಗಿ ಸಿಗದಿದ್ದರೆ, ಹೊಲದ ಒಡೆಯರ ಒಪ್ಪಿಗೆ ಕೇಳಿ ಆ ನೈಋತ್ಯವೋ ಈಶಾನ್ಯವೋ ಕಾಲುಭಾಗದ ಅಂಚಿನಲ್ಲಿಯೇ ಇಟ್ಟು ಬನ್ನಿ.